ಕಣ್ಣಿನ ದುಡ್ಡು, ಕಾರಿನ ಪೆಟ್ಟು

ಸಂಕ್ರಾಂತಿ ಕಳೆದ ಶನಿವಾರ ಮಧ್ಯಾಹ್ನದ ಪ್ಯಾಸೆಂಜರ್ ಗಾಡಿಗೆ ತಿಪಟೂರು ಬಿಟ್ಟೆ. ಹೊರಟದ್ದು ಊರು ನೋಡುವುದಕ್ಕಲ್ಲ, ಕಣ್ಣು ಮಾಡಿಸುವುದಕ್ಕೆ. ನನ್ನ ಬಲಗಣ್ಣು ಚಿಕ್ಕಂದಿನಲ್ಲಿ ಸಿಡುಬು ಎದ್ದಾಗಲೇ ಹೋಯಿತು. ಉಳಿದದ್ದು ಎಡಗಣ್ಣು. ಅದಕ್ಕೂ ಪೊರೆ ಬಂದು, ಹಸಿ ಸೌದೆ ಹಾಕಿದ ಒಲೆಯ ಮುಂದೆ ಕೂತ ಹಾಗೆ ಎಲ್ಲವೂ ಹೊಗೆಹೊಗೆಯಾಗಿ ಕಾಣುತ್ತಿತ್ತು. ಅಕ್ಕಿಯಲ್ಲಿ ಕಲ್ಲು ಕಾಣದೆ ಬೀಗರ ಊಟದಲ್ಲಿ ಮಾನ ಹೋದ ಮೇಲೆ ಡಾಕ್ಟರ ಹತ್ತಿರ ಹೋದೆ. ಅವರು, “ಪೊರೆ ಬಲಿತಿದೆ, ಇನ್ನು ತಡ ಮಾಡಬೇಡಿ. ಇರೋದು ಒಂದೇ ಕಣ್ಣು, ದೊಡ್ಡ ಆಸ್ಪತ್ರೆಯಲ್ಲೇ ಮಾಡಿಸಿ” ಎಂದರು.

ನನ್ನ ಮಗಳು ವಸಂತ ಇರುವುದು ಮದ್ರಾಸಿನ ಪೆರಂಬೂರಿನಲ್ಲಿ. ಈಗ ಚೆನ್ನೈ ಅನ್ನಬೇಕಂತೆ, ಅಂದುಕೊಳ್ಳಲಿ. ಅವಳ ಗಂಡ ನಾಗರಾಜು ನನ್ನ ಸ್ವಂತ ತಮ್ಮನ ಮಗ. ಅಳಿಯನಾದ ಮೇಲೂ ನಾನು ಅವನಿಗೆ ಬಹುವಚನ ಹಚ್ಚಲಿಲ್ಲ. ಅವನು ಇನ್ಶೂರೆನ್ಸ್ ಆಫೀಸಿನಲ್ಲಿದ್ದಾನೆ. ಜೀವಕ್ಕೆ ಮಾಡುವ ಇನ್ಶೂರೆನ್ಸ್ ಅಲ್ಲ, ಗಾಡಿಗಳದ್ದು. ಎಲ್ಲೋ ಗುದ್ದಿಕೊಂಡ ಕಾರು, ಲಾರಿಗಳ ಕಾಗದ ನೋಡಿ, ಇವರಿಗೆ ದುಡ್ಡು ಕೊಡಬಹುದು, ಇವರು ಸುಳ್ಳು ಹೇಳುತ್ತಿದ್ದಾರೆ ಎಂದು ಬರೆಯುವುದು ಅವನ ಕೆಲಸ. ಅವನೇ ಕೀಲ್ಪಾಕ್ ಕಡೆಯ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ಗುರುವಾರಕ್ಕೆ ದಿನ ಗೊತ್ತು ಮಾಡಿದ್ದ.

ಎರಡು ವರ್ಷ ಕೊಬ್ಬರಿ ಮಾರಿ ಕೂಡಿಟ್ಟ ಹತ್ತು ಸಾವಿರ ರೂಪಾಯಿಯನ್ನು ಬಟ್ಟೆ ಚೀಲದಲ್ಲಿಟ್ಟು ಬಾಯಿ ಹೊಲಿದು ಸೊಂಟಕ್ಕೆ ಕಟ್ಟಿಕೊಂಡಿದ್ದೆ. ಮಗಳಿಗೆಂದು ಒಂದು ಚೀಲ ತೆಂಗಿನಕಾಯಿ, ದಾರಿಗೆ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ. ಬೆಂಗಳೂರಿನಲ್ಲಿ ತಂಗಿಯ ಮನೆಯಲ್ಲಿ ಮಲಗಿದೆ. ಮಲಗಿದೆ ಎಂದರೆ ಹೆಸರಿಗೆ. ಚೀಲದ ಮೇಲೆ ಕೈಯಿಟ್ಟುಕೊಂಡು ಬೆಳಗು ಮಾಡಿದೆ.

ಭಾನುವಾರ ಬೆಳಗ್ಗೆ ತಂಗಿಯ ಮಗ ಮದ್ರಾಸಿನ ರೈಲಿನಲ್ಲಿ ಕಿಟಕಿಯ ಪಕ್ಕ ಕೂರಿಸಿ ಹೋದ. ಟಿಕೆಟ್ ನೂರರೊಳಗೇ ಆಯಿತು. ಬಂಗಾರಪೇಟೆವರೆಗೆ ಸುತ್ತ ಕನ್ನಡ ಕೇಳುತ್ತಿತ್ತು. ಜೋಲಾರಪೇಟೆ ದಾಟಿದ ಮೇಲೆ ಎಲ್ಲ ತಮಿಳೇ. ಎದುರಿಗೆ ಕೂತ ಹೆಂಗಸು ನನ್ನ ರೊಟ್ಟಿ ನೋಡಿ ಏನೋ ಕೇಳಿದಳು. ನಾನು, “ರಾಗಿ ಕಣವ್ವ, ರಾಗಿ” ಎಂದು ಅರ್ಧ ಮುರಿದು ಕೊಟ್ಟೆ. ಅವಳು ಚಟ್ನಿ ನೆಕ್ಕಿ ಕಣ್ಣು ಒರೆಸಿಕೊಂಡು, ಒಂದು ಮೊಳ ಮಲ್ಲಿಗೆ ಕೊಡಲು ಬಂದಳು. ನಾನು ಮುಡಿಯುವುದಿಲ್ಲ ಎಂದು ಹಣೆ ತೋರಿಸಿದೆ. ಅವಳು ಹೂವನ್ನು ನನ್ನ ಚೀಲದ ಮೇಲಿಟ್ಟು, ಮಗಳಿಗೆ ಎಂದು ಸನ್ನೆ ಮಾಡಿದಳು. ಕಾಟ್ಪಾಡಿ ಬರುವಷ್ಟರಲ್ಲಿ ಬಿಸಿಲು ಕಿಟಕಿಯ ಕಂಬಿ ಕಾಯಿಸಿತ್ತು. ನಮ್ಮ ಕಡೆ ಇನ್ನೂ ಕಂಬಳಿ ಹೊದೆಯುವ ಕಾಲ.

ಸೆಂಟ್ರಲ್ ಸ್ಟೇಷನ್ನಿಗೆ ನಾಗರಾಜು ಬರುತ್ತಾನೆ ಎಂದು ಹೇಳಿದ್ದರು. ಬಂದದ್ದು ವಸಂತ ಒಬ್ಬಳೇ.

“ನಿನ್ನ ಗಂಡ ಎಲ್ಲೇ?”

“ಎಣ್ಣೂರಲ್ಲಿ ಅವರ ಆಫೀಸಿನೋರ ಗೃಹಪ್ರವೇಶ ಅಮ್ಮ. ಊಟ ಮುಗಿಸಿ ಟ್ರೈನಲ್ಲಿ ಬರ್ತಾರೆ. ಅಷ್ಟರಲ್ಲಿ ನಾನೇ ನಿನ್ನ ಕರ್ಕೊಂಡು ಹೋಗಿ ಮನೇಲಿ ಕೂರಿಸಿಬಿಟ್ಟಿರ್ತೀನಿ. ಕಾರು ತಂದಿದೀನಿ.”

“ಓಡಿಸೋರು ಯಾರು?”

ಅವಳು ನಕ್ಕಳು. ಅವರದು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ಬಿಳಿ ಮಾರುತಿ ಕಾರು. ಹಿಂದೆ ಮುಂದೆ ಕೆಂಪು ಅಕ್ಷರದ ಎಲ್ ಬೋರ್ಡು ತೂಗುತ್ತಿತ್ತು. ಕಲಿಯುವವರು ಹಾಕಿಕೊಳ್ಳುವ ಬೋರ್ಡು ಅದು ಎಂದು ನನಗೂ ಗೊತ್ತು. ಗಂಡನಿಗೆ ಹೇಳಿದ್ದೀಯಾ ಎಂದೆ. ಹೇಳಿದರೆ ಬಿಡುತ್ತಿರಲಿಲ್ಲ ಎಂದಳು. ತೆಂಗಿನಕಾಯಿ ಚೀಲವನ್ನು ಡಿಕ್ಕಿಗೆ ಹಾಕಿಸಿ ನಾನು ಅವಳ ಪಕ್ಕದಲ್ಲಿ ಹತ್ತಿ ಕೂತೆ.

ದೊಡ್ಡ ರಸ್ತೆಯಲ್ಲಿ ಚೆನ್ನಾಗಿಯೇ ಓಡಿಸಿದಳು. ಸೀಟನ್ನು ಮುಂದಕ್ಕೆ ಎಳೆದುಕೊಂಡು, ಬೆನ್ನಿಗೆ ದಿಂಬು ಇಟ್ಟುಕೊಂಡು, ಎದೆಯೇ ಸ್ಟಿಯರಿಂಗಿಗೆ ತಾಗುವ ಹಾಗೆ ಕೂತಿದ್ದಳು. ಎರಡು ಕೈಗೂ ಹಸಿರು ಗಾಜಿನ ಬಳೆ. ಓಟೇರಿ ದಾಟಿ ಒಂದು ಬೀದಿಗೆ ತಿರುಗಿದಾಗ ಆ ಕಡೆಯಿಂದ ನೀರಿನ ಲಾರಿ ಬಂತು. ಅಲ್ಲಿ ನೀರಿಗೆ ಬರ. ಲಾರಿ ಬರುವ ಮೊದಲೇ ಹೆಂಗಸರು ಪ್ಲಾಸ್ಟಿಕ್ ಕೊಡಗಳನ್ನು ರಸ್ತೆಯಲ್ಲಿ ಸಾಲಾಗಿ ಇಟ್ಟುಬಿಡುತ್ತಾರೆ. ಮನುಷ್ಯರ ಬದಲು ಕೊಡಗಳೇ ಕ್ಯೂ ನಿಂತಿರುತ್ತವೆ. ಅವಳು ಲಾರಿಗೆ ದಾರಿ ಬಿಡಲು ಎಡಕ್ಕೆ ಎಳೆದಳು, ಕೊಡ ಕಂಡು ಬಲಕ್ಕೆ ಎಳೆದಳು, ಆಮೇಲೆ ಯಾವುದನ್ನು ತುಳಿದಳೋ ಏನೋ. ಎದುರಿಗೆ ನಿಂತಿದ್ದ ಆಟೋದ ಬೆನ್ನಿಗೆ ಹೋಗಿ ಗುದ್ದಿದೆವು.

ಸದ್ದು ದೊಡ್ಡದಾಗಿ ಆಗಲಿಲ್ಲ. ಒಣ ತೆಂಗಿನಕಾಯಿ ಕಲ್ಲಿಗೆ ಬಿದ್ದ ಹಾಗೆ ಆಯಿತು, ಅಷ್ಟೇ. ಆದರೆ ಕಾರಿನ ಮೂತಿಯಿಂದ ಹಬೆ ಎದ್ದಿತು. ಆಟೋದಿಂದ ಒಬ್ಬ ಖಾಕಿ ಅಂಗಿಯವನು ಎಡಗೈ ಹಿಡಿದುಕೊಂಡು ಇಳಿದ. ಎರಡು ಕೊಡ ಚಪ್ಪಟೆಯಾಗಿದ್ದವು. ಕೊಡದ ಯಜಮಾನಿಯರು ಆಟೋದವನಿಗಿಂತ ಮುಂಚೆ ಬಂದರು. “ಎನ್ ಕುಡಂ ಪೋಚ್ಚು!” ನನ್ನ ಕೊಡ ಹೋಯಿತು ಎಂದು ಒಬ್ಬಳು ಬಾನೆಟ್ಟಿನ ಮೇಲೆ ಹೊಡೆದು ಬಿಸಿ ತಾಗಿ ಕೈ ಒದರಿಕೊಂಡಳು. ವಸಂತನ ಎಡಗೈ ಬಳೆಗಳೆಲ್ಲ ಸ್ಟಿಯರಿಂಗಿಗೆ ಬಡಿದು ಪುಡಿಯಾಗಿದ್ದವು. ಮಣಿಕಟ್ಟು ಹಿಡಿದರೆ ನನ್ನ ಬೆರಳಿಗೆ ರಕ್ತ ಅಂಟಿತು. ಅವಳು ಸ್ಟಿಯರಿಂಗ್ ಬಿಡದೆ ಕೂತೇ ಇದ್ದಳು.

ಜನ ಕೂಗಾಡುತ್ತಿರುವಾಗ ನಾನು ಬಗ್ಗಿ ಅವಳ ಕಾಲ ಹತ್ತಿರ ಬಿದ್ದ ಬಳೆಚೂರುಗಳನ್ನು ಬೆರಳಲ್ಲಿ ತಡವಿ ತಡವಿ ಆರಿಸಿ ಸೆರಗಿಗೆ ಹಾಕಿಕೊಂಡೆ. ಮುತ್ತೈದೆಯ ಬಳೆಚೂರನ್ನು ತುಳಿಯಬಾರದು. ತುಳಸಿ ಬುಡಕ್ಕೆ ಹಾಕಬೇಕು. ಕಾರು ಹಾಳಾದರೆ ಹಾಳಾಗಲಿ, ಅದು ಬೇರೆ ಲೆಕ್ಕ.

ಆಟೋದವನ ಹೆಸರು ಸೆಲ್ವಂ. ಅವನು ಕೂಗಲಿಲ್ಲ. ಪೊಲೀಸು ಬೇಡ, ಆಟೋ ಬಾಡಿಗೆಯದು, ರಿಪೇರಿ ಮಾಡಿಸಿಕೊಡಿ ಎಂದ. ವಸಂತ ಮನೆಗೆ ಬನ್ನಿ, ಗಂಡ ಬರುತ್ತಾರೆ ಎಂದಳು. ಕೊಡದವರಿಗೆ ದುಡ್ಡು ಕೊಟ್ಟು, ಕಾರನ್ನು ಪಕ್ಕಕ್ಕೆ ತಳ್ಳಿಸಿ, ಪೆಟ್ಟು ತಿಂದ ಅದೇ ಆಟೋದಲ್ಲಿ ಪೆರಂಬೂರಿಗೆ ಹೊರಟೆವು. ನನ್ನ ತೆಂಗಿನಕಾಯಿ ಚೀಲ ಕಾರಿನ ಡಿಕ್ಕಿಯಲ್ಲೇ ಉಳಿಯಿತು. ದಾರಿಯಲ್ಲಿ ನಾನು ಆಟೋ ನಿಲ್ಲಿಸಿ ಬಳೆ ಅಂಗಡಿಗೆ ಹೋಗಿ ಮಗಳ ಕೈಗೆ ಬಳೆ ತೊಡಿಸಿದೆ. ಬರಿಗೈಯಲ್ಲಿ ಗಂಡನ ಎದುರು ನಿಂತು ಇಂಥ ಸುದ್ದಿ ಹೇಳುವುದು ಬೇಡ. ಮನೆ ಮುಟ್ಟಿದ ಮೇಲೆ ಸೆಲ್ವಂ ಬಾಡಿಗೆ ನಲವತ್ತು ರೂಪಾಯಿ ಬೇರೆ ಇಸಕೊಂಡ. ಕೊಡದೆ ಏನು ಮಾಡುವುದು. ನಾಗರಾಜು ಇನ್ನೂ ಬಂದಿರಲಿಲ್ಲ, ಮಂಗಳವಾರ ಬರುತ್ತೇನೆ ಎಂದು ಹೋದ.

ಸಂಜೆ ನಾಗರಾಜು ಹೋಳಿಗೆ ಪೊಟ್ಟಣ ಹಿಡಿದು ಬಂದ. ವಿಷಯ ಕೇಳಿ ಪೊಟ್ಟಣವನ್ನು ಚಪ್ಪಲಿ ಗೂಡಿನ ಮೇಲೆ ಇಟ್ಟುಬಿಟ್ಟ. ಹೆಂಡತಿಯನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಯಾರಿಗೂ ಏನೂ ಆಗಿಲ್ಲ ತಾನೆ” ಎಂದು ನಾಲ್ಕು ಸಲ ಕೇಳಿದ. ಆಮೇಲೆ ನನ್ನ ಹತ್ತಿರ ಬಂದು ಕೂತ.

“ಸಣ್ಣ ಪೆಟ್ಟು ಅತ್ತೆ. ಕೈಯಿಂದಲೇ ಕೊಟ್ಟು ಮುಗಿಸೋಣ. ಕ್ಲೇಮ್ ಮಾಡೋದು ಬೇಡ.”

“ವರ್ಷಾವರ್ಷ ಇನ್ಶೂರೆನ್ಸಿಗೆ ಕಟ್ತೀಯಲ್ಲೋ. ಕೊಡಲಿ ಅವರು.”

“ವರ್ಷವಿಡೀ ಕ್ಲೇಮ್ ಮಾಡದೆ ಇದ್ದರೆ ಮುಂದಿನ ಕಂತಲ್ಲಿ ರಿಯಾಯಿತಿ ಕೊಡ್ತಾರೆ. ಹಾಗೇ ಬೆಳೀತಾ ಹೋಗುತ್ತೆ. ಒಂದು ಸಲ ಕೇಳಿದ್ರೆ ಅಷ್ಟೂ ಹೋಯ್ತು, ಮತ್ತೆ ಮೊದಲಿಂದ. ಸಣ್ಣದಕ್ಕೆಲ್ಲ ಕೇಳಬಾರದು.”

“ಮತ್ತೆ ಕಟ್ಟೋದು ಯಾಕೆ?”

“ದೊಡ್ಡ ಪೆಟ್ಟು ಬಿದ್ದಾಗ ಬೇಕಾಗುತ್ತೆ.”

“ದೊಡ್ಡ ಪೆಟ್ಟು ಬಿದ್ರೆ ಇಸ್ಕೊಳಕ್ಕೆ ನೀನಿರಬೇಕಲ್ಲ.”

ವಸಂತ, “ಅಮ್ಮಾ!” ಎಂದಳು. ಅವರ ಮಗಳು ರಮ್ಯ ಹನ್ನೆರಡು ವರ್ಷದವಳು. ನಾನು ಕನ್ನಡದಲ್ಲಿ ಕೇಳಿದರೆ ತಮಿಳಲ್ಲಿ ಉತ್ತರ ಕೊಡುತ್ತಾಳೆ. ಅವಳೊಬ್ಬಳೇ ನಕ್ಕದ್ದು.

ಸೋಮವಾರ ಕಾರನ್ನು ಕಟ್ಟಿ ಎಳೆದು ರೈಲ್ವೆ ವರ್ಕ್‌ಶಾಪಿನ ಹಿಂದಿರುವ ಮಣಿ ಎಂಬವನ ಶೆಡ್ಡಿಗೆ ಸೇರಿಸಿದರು. ನಾಗರಾಜು ಮಧ್ಯಾಹ್ನ ಮನೆಗೆ ಬಂದಾಗ ಮುಖ ಬೇಯಿಸಿದ ಬದನೆಕಾಯಿಯ ಹಾಗಿತ್ತು. ರೇಡಿಯೇಟರ್ ಹೋಗಿದೆ, ಲೈಟು, ಬಂಪರು, ಬಾನೆಟ್ಟು ಎಲ್ಲ ಬದಲಾಯಿಸಬೇಕು, ಬಣ್ಣ ಸೇರಿ ಒಂಬತ್ತು ಸಾವಿರ. ಸೆಲ್ವಂ ಆಟೋ ಬೇರೆ. ಮನೆಯಲ್ಲಿ ಅಷ್ಟು ದುಡ್ಡಿಲ್ಲ. ಕಾರಿನ ಸಾಲದ ಕಂತು ಸಂಬಳದಲ್ಲೇ ಮುರಿದು ಬರುತ್ತದೆ.

ಯಾರೂ ಏನೂ ಕೇಳಲಿಲ್ಲ. ಆದರೆ ಆ ಹೊತ್ತಿನಿಂದ ಮನೆಯಲ್ಲಿ ಎಲ್ಲರ ಕಣ್ಣೂ ನನ್ನ ಸೊಂಟದ ಮೇಲೇ ಇದೆ ಅನ್ನಿಸತೊಡಗಿತು. ನನ್ನ ಕಣ್ಣಿಗೆ ಹೊಗೆ ಕವಿದಿರಬಹುದು, ಇದು ತಿಳಿಯದಷ್ಟು ಅಲ್ಲ. ಕೊನೆಗೆ ಸಾರಿಗೆ ಒಗ್ಗರಣೆ ಹಾಕುತ್ತ, ನನ್ನ ಕಡೆ ತಿರುಗದೆ ವಸಂತ ಬಾಯಿಬಿಟ್ಟಳು.

“ಅಮ್ಮ, ಆಸ್ಪತ್ರೇಲಿ ಮುಂದಿನ ತಿಂಗಳೂ ಆಪರೇಷನ್ ಮಾಡ್ತಾರಂತೆ.”

“ಮಾಡಲಿ. ನನ್ನದು ಗುರುವಾರ.”

“ಅಲ್ಲ, ಒಂದು ತಿಂಗಳು ಹೆಚ್ಚುಕಮ್ಮಿ...”

“ನೀನು ನಿನ್ನೆ ಗುದ್ದಿದಾಗ ಆಟೋ ಅಂತ ನನಗೆ ಗೊತ್ತಾಗಿದ್ದು ಸದ್ದಿನಿಂದ ಕಣೇ. ಮುಂದಿನ ತಿಂಗಳಿಗೆ ನಿನ್ನ ಮುಖವೂ ಸದ್ದಿನಿಂದಲೇ ಗುರುತು ಹಿಡಿಬೇಕಾಗುತ್ತೆ. ದುಡ್ಡು ಕೊಡಲ್ಲ.”

ಅವಳು ಅತ್ತಳು. ನಾನು ಸಮಾಧಾನ ಮಾಡಲಿಲ್ಲ. ಒಗ್ಗರಣೆ ಸೀದುಹೋಯಿತು.

ಹಾಗಾಗಿ ನಾಗರಾಜು ರಾಗ ಬದಲಾಯಿಸಿದ. ಕ್ಲೇಮ್ ಮಾಡುವುದೇ ಸರಿ, ರಿಯಾಯಿತಿ ಹೋದರೆ ಹೋಗಲಿ ಎಂದ. ಒಂದೇ ತೊಡಕು. ಎಲ್ ಬೋರ್ಡಿನವರು ಓಡಿಸುವಾಗ ಪಕ್ಕದಲ್ಲಿ ಲೈಸೆನ್ಸ್ ಇರುವವರು ಕೂತಿರಬೇಕು. ಇಲ್ಲದಿದ್ದರೆ ಒಂದು ಕಾಸೂ ಹುಟ್ಟುವುದಿಲ್ಲ.

“ಕೂತಿದ್ದೋರು ನೀವು” ಎಂದ.

“ನನಗೆ ಎತ್ತಿನ ಗಾಡಿ ಹೊಡಿಯಕ್ಕೂ ಬರಲ್ಲ.”

“ಅದಕ್ಕೇ, ಕಾರು ಓಡಿಸಿದ್ದು ನಾನು ಅಂತ ಹೇಳೋಣ. ನೀವು ಪಕ್ಕದಲ್ಲಿದ್ರಿ. ವಸಂತ ಮನೇಲಿದ್ಲು.”

ಹೇಳುವುದು ಸುಲಭ. ಆ ಹೊತ್ತಿನಲ್ಲಿ ಇವನು ಎಣ್ಣೂರಿನಲ್ಲಿ ಆಫೀಸಿನವರ ಜೊತೆ ಪಂಕ್ತಿಯಲ್ಲಿ ಕೂತು ಊಟ ಮಾಡುತ್ತಿದ್ದ. ಆದ್ದರಿಂದ ಪೆಟ್ಟಾದದ್ದು ಸಂಜೆ ಎನ್ನಬೇಕು. ಸಂಜೆ ಎಂದರೆ ಮಧ್ಯಾಹ್ನದ ರೈಲಿಗೆ ಬಂದ ನಾನು ಅಲ್ಲಿಯವರೆಗೆ ಎಲ್ಲಿದ್ದೆ? ರೈಲು ತಡ ಎನ್ನಬೇಕು. ಹೀಗೆ ಒಂದು ತೂತಿಗೆ ಹಾಕಿದ ತೇಪೆಗೆ ಇನ್ನೊಂದು ತೇಪೆ. ಇವನಿಗೆ ಇದು ಗೊತ್ತಿಲ್ಲದ್ದಲ್ಲ. ಹಿಂದೊಮ್ಮೆ ಊರಿಗೆ ಬಂದಾಗ ಅವನೇ ಹೆಮ್ಮೆಯಿಂದ ಒಂದು ಕಥೆ ಹೇಳಿದ್ದ: ಯಾರೋ ಒಬ್ಬಾತ ಕಾರು ಓಡಿಸಿದ್ದು ತಾನೇ ಎಂದು ಬರೆದುಕೊಟ್ಟಿದ್ದನಂತೆ, ಡ್ರೈವರ್ ಸೀಟಿನ ಕೆಳಗೆ ಒಂದು ಹೆಂಗಸಿನ ಚಪ್ಪಲಿ ಸಿಕ್ಕಿ, ದುಡ್ಡೂ ಹೋಯಿತು, ಕೇಸೂ ಆಯಿತು. ನಾವೆಲ್ಲ ಹೊಟ್ಟೆ ಹಿಡಿದು ನಕ್ಕಿದ್ದೆವು.

“ಸಿಕ್ಕಿಬಿದ್ರೆ ಏನಾಗುತ್ತೆ?” ಎಂದು ಕೇಳಿದೆ.

“ಬೇರೆಯೋರಿಗೆ ಕ್ಲೇಮ್ ಹೋಗುತ್ತೆ. ನನಗೆ ಕೆಲಸ ಹೋಗುತ್ತೆ” ಎಂದ. ಎಂದವನು ಎದ್ದು ಹೋಗಿ ಮುಖ ತೊಳೆದುಕೊಂಡ.

ಇಲ್ಲಿ ನಾನು ದೊಡ್ಡ ಮಾತು ಆಡುವುದಿಲ್ಲ. ಸುಳ್ಳು ಹೇಳುವುದಕ್ಕೆ ನಾನು ಒಪ್ಪಿಕೊಂಡೆ. ನನ್ನ ದುಡ್ಡು ನನ್ನ ಸೊಂಟದಲ್ಲಿ ಉಳಿಯಬೇಕಾಗಿತ್ತು.

ಮಂಗಳವಾರವಿಡೀ ರಮ್ಯ ನನ್ನಿಂದ ಪಾಠ ಒಪ್ಪಿಸಿಕೊಂಡಳು. ಗಾಡಿಯ ಪೆಟ್ಟು ಅಳೆಯಲು ಬರುವವರಿಗೆ ಸರ್ವೇಯರ್ ಅನ್ನುತ್ತಾರೆ. ಅವಳು ಅಪ್ಪನ ಕನ್ನಡಕ ಹಾಕಿಕೊಂಡು ಸರ್ವೇಯರ್ ಆದಳು.

“ಪಾಟಿ, ವಂಡಿ ಯಾರು ಓಟ್ಟಿನಾಂಗ?” ಅಜ್ಜಿ, ಗಾಡಿ ಯಾರು ಓಡಿಸಿದ್ದು ಅಂತ.

“ನಮ್ಮ ಅಳಿಯ.”

“ವಸಂತಾ ಎಂಗೆ?” ವಸಂತ ಎಲ್ಲಿದ್ದಳು ಅಂತ.

“ಮನೇಲಿ ನಿದ್ದೆ ಮಾಡ್ತಿದ್ಲು.”

“ಅಯ್ಯೋ ಪಾಟಿ, ಸಾಯಂಗಾಲಂ ಯಾರು ತೂಂಗುವಾಂಗ?” ಸಂಜೆ ಹೊತ್ತಲ್ಲಿ ಯಾರು ಮಲಗುತ್ತಾರೆ ಎಂದು ತಲೆಗೆ ಸ್ಕೇಲಿನಿಂದ ತಟ್ಟಿದಳು. ಅವಳಿಗೆ ಆಟ. ನಾನು ಉತ್ತರ ತಿದ್ದಿಕೊಂಡು ಮತ್ತೆ ಮೊದಲಿಂದ ಒಪ್ಪಿಸಿದೆ.

ಅದೇ ದಿನ ಸೆಲ್ವಂ ಬಂದ. ಕೈಗೆ ಬಟ್ಟೆ ಸುತ್ತಿಕೊಂಡಿದ್ದ. ನಾಗರಾಜು ಅವನನ್ನು ಹೊರಗೆ ಕರೆದುಕೊಂಡು ಹೋಗಿ ಪಿಸುಮಾತಿನಲ್ಲಿ, ಓಡಿಸಿದ್ದು ಹೆಂಗಸು ಎಂದು ಯಾರಿಗೂ ಹೇಳಬೇಡ ಎಂದು ಕೇಳಿಕೊಂಡ. ಸೆಲ್ವಂ ಪಿಸುಗುಡಲಿಲ್ಲ. “ಯಾರು ಓಟ್ಟಿನಾ ಎನಕ್ಕೆನ್ನ ಸಾರ್? ಕೈ ವಲಿಕ್ಕುದು” ಎಂದ. ಯಾರು ಓಡಿಸಿದರೂ ನೋಯುವುದು ನನ್ನ ಕೈ ಎಂದು. ಮಹಡಿಯ ಮೆಟ್ಟಿಲಲ್ಲಿ ಎರಡು ಮನೆಯವರು ಇಣುಕಿದರು. ನಾಗರಾಜು ಜೇಬಿನಲ್ಲಿದ್ದಷ್ಟನ್ನೂ ಕೊಟ್ಟು, ಮಿಕ್ಕದ್ದು ಶುಕ್ರವಾರ ಎಂದು ಕಳಿಸಿದ. ಅಡುಗೆಮನೆಯಲ್ಲಿ ವಸಂತ ನನಗೆ ಹೇಳಿದಳು, “ನಾಳೆ ಆ ಸರ್ವೇಯರ್ ಇವನನ್ನೇ ಕರೆಸಿ ಕೇಳಿದ್ರೆ?” ನಾನು ಕೊತ್ತಂಬರಿ ಸೋಸುವುದು ನಿಲ್ಲಿಸಲಿಲ್ಲ.

ಬುಧವಾರ ಬೆಳಗ್ಗೆ ನಾಗರಾಜು ರಜೆ ಹಾಕಿದ. ಕಾರಿನಲ್ಲಿದ್ದವರು ಎಂದು ನನ್ನ ಹೆಸರನ್ನೂ ಹೇಳಿದ್ದರಿಂದ ನಾನೂ ಶೆಡ್ಡಿಗೆ ಹೋಗಬೇಕಾಯಿತು. ನನಗೂ ನನ್ನ ತೆಂಗಿನಕಾಯಿ ಬೇಕಾಗಿತ್ತು. ಬೆವರು ಸೆರಗಿನಿಂದ ಹಿಂಡುವಷ್ಟು. ಆ ಊರಿನಲ್ಲಿ ಗಾಳಿಗೂ ಬೆವರು ಬರುತ್ತದೆ. ಶೆಡ್ಡು ಎಂದರೆ ನಾಲ್ಕು ತಗಡು, ಒಂದು ಬೇವಿನ ಮರ. ಆಚೆ ಗೋಡೆಯ ಹಿಂದೆ ರೈಲ್ವೆಯವರು ಕಬ್ಬಿಣ ಬಡಿಯುವ ಸದ್ದು. ನಮ್ಮ ಕಾರು ಹಲ್ಲು ಉದುರಿದ ಮುದುಕಿಯ ಹಾಗೆ ಬಾಯಿ ತೆರೆದುಕೊಂಡು ನಿಂತಿತ್ತು. ನಾಗರಾಜು ಎಲ್ಲ ಮುಗಿಸಿಟ್ಟಿದ್ದ: ಎಲ್ ಬೋರ್ಡು ಬಿಚ್ಚಿದ್ದ, ಅದರ ದಾರವನ್ನೂ ಕಿತ್ತಿದ್ದ. ದಿಂಬು ತೆಗೆದಿದ್ದ. ತನ್ನ ಕಾಲಿನ ಉದ್ದಕ್ಕೆ ಸರಿಯಾಗಿ ಸೀಟನ್ನು ಹಿಂದಕ್ಕೆ ತಳ್ಳಿದ್ದ. ಭರ್ತಿ ಮಾಡಿದ ಕಾಗದ ಜೇಬಿನಲ್ಲಿತ್ತು. ಸಹಿ ಮಾತ್ರ ಸರ್ವೇಯರ್ ಎದುರಿಗೆ ಹಾಕುತ್ತೇನೆ ಎಂದು ಬಿಟ್ಟಿದ್ದ. ಹಾಕಲು ಕೈ ಬಂದಿರಲಿಲ್ಲ ಎಂದು ನನಗೆ ಅನ್ನಿಸಿತು.

ಸರ್ವೇಯರ್ ತಡ ಮಾಡಿದರು. ಕೂರಲು ಎಣ್ಣೆ ಮೆತ್ತಿದ ಟಯರು ಬಿಟ್ಟರೆ ಏನೂ ಇರಲಿಲ್ಲ. ನಾನು ಕಾರಿನ ಬಾಗಿಲು ತೆಗೆದು ಡ್ರೈವರ್ ಸೀಟಿನ ಮೇಲೆ, ಕಾಲು ಹೊರಗಿಟ್ಟು ಕೂತೆ. ಸೆಖೆಗೆ ಚಪ್ಪಲಿ ಬಿಟ್ಟು ಪಾದವನ್ನು ಒಳಗೆ ಎಳೆದುಕೊಂಡಾಗ ಹಿಮ್ಮಡಿಗೆ ಚುರ್ ಎಂದಿತು. ಕೈಹಾಕಿ ತಡವಿದೆ. ಸೀಟು ಜಾರುವ ಕಂಬಿಯ ಸಂದಿಯಲ್ಲಿ, ಅವನು ಸೀಟನ್ನು ಹಿಂದಕ್ಕೆ ತಳ್ಳಿದ್ದರಿಂದ ಬಯಲಾದ ಜಾಗದಲ್ಲಿ, ಒಂದು ಗಾಜಿನ ಚೂರು. ಬಾಗಿದ ಚೂರು. ಬಣ್ಣ ಕಾಣಬೇಕಾಗಿರಲಿಲ್ಲ. ಐವತ್ತು ವರ್ಷ ಬಳೆ ತೊಟ್ಟ, ತೊಡಿಸಿದ ಬೆರಳು. ನನ್ನ ಕೈಯಲ್ಲಿ ಗಾಜಿನ ಬಳೆ ಇಲ್ಲದೆ ಏಳೆಂಟು ವರ್ಷವಾಯಿತು. ನನ್ನದು ಎನ್ನುವ ಹಾಗೂ ಇಲ್ಲ.

ಒಂದು ಗಳಿಗೆ ಅದನ್ನು ಮುಷ್ಟಿಯಲ್ಲಿಟ್ಟುಕೊಂಡು ಕೂತೆ. ಬಾಯಿಗೆ ಹಾಕಿಕೊಂಡು ನುಂಗಿಬಿಡಲೇ ಎನ್ನಿಸಿತು. ಚೀಲಕ್ಕೆ ಹಾಕಿಕೊಂಡರೆ ಮುಗಿಯಿತು, ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಇದನ್ನು ಬಿಟ್ಟವಳು ನಾನೇ ಅಲ್ಲವೆ? ಅವತ್ತು ಎಲ್ಲ ಆರಿಸಿದೆ ಎಂದುಕೊಂಡಿದ್ದೆ.

“ನಾಗ, ಇಲ್ಲಿ ಬಾ.”

ಅವನು ಬಂದು ಬಗ್ಗಿದ. ನಾನು ಅಂಗೈ ತೆರೆದೆ. ಅವನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಆಯಿತು. ಅವನು ನನ್ನ ಬರಿಯ ಮಣಿಕಟ್ಟು ನೋಡಿದ, ಸೀಟಿನ ಕೆಳಗೆ ನೋಡಿದ.

“ಎಲ್ಲ ಆರಿಸಿದ್ರಿ ಅಂದ್ರಲ್ಲ ಅತ್ತೆ.”

“ಆರಿಸಿದೋಳು ಯಾರು? ಒಂದೇ ಕಣ್ಣಿನೋಳು, ಅದಕ್ಕೂ ಪೊರೆ. ನನಗೆ ಸಿಕ್ಕಿದ್ದಷ್ಟು ಆರಿಸಿದೀನಿ. ಇನ್ನೆಷ್ಟು ಉಳಿದಿವೆಯೋ ನನಗೇನು ಗೊತ್ತು? ನೀನು ಹೇಳಿದ್ಯಲ್ಲ ಚಪ್ಪಲಿ ಕಥೆ. ಅವನೂ ಎಲ್ಲ ತೆಗೆದಿದೀನಿ ಅಂದ್ಕೊಂಡಿದ್ದ.”

ಅವನು ಮೊಣಕಾಲೂರಿ ಕೂತು ಕಾರಿನೊಳಗೆ ಕೈಯಾಡಿಸತೊಡಗಿದ. ರಬ್ಬರು ಹಾಸು ಎತ್ತಿದ. ಪೆಡಲಿನ ಹಿಂದೆ ಬೆರಳು ಹಾಕಿದ. ಇನ್ನೊಂದು ಸಿಕ್ಕಿತು, ಅಕ್ಕಿಕಾಳಿನಷ್ಟು. ಅದು ಸಿಕ್ಕ ಮೇಲೆ ಅವನ ಕೈ ನಿಲ್ಲಲೇ ಇಲ್ಲ. ಇಷ್ಟು ದಿನ ಬೇರೆಯವರ ಕಾರಿನಲ್ಲಿ ಹುಡುಕಿಸಿದವನು ತನ್ನ ಕಾರಿನಲ್ಲಿ ತಾನೇ ಹುಡುಕುತ್ತಿದ್ದ. ಬೆನ್ನಿನ ಅಂಗಿ ಒದ್ದೆಯಾಗಿ ಮೈಗೆ ಅಂಟಿತ್ತು.

“ಸಾಕು ಏಳೋ” ಎಂದೆ. “ಮೂರು ಸಿಕ್ಕಿದ್ರೂ ನಾಲ್ಕನೇದು ಇದೆ ಅನ್ನಿಸುತ್ತೆ. ಇವತ್ತು ಸಿಗದೆ ಇದ್ರೂ ಜೀವಮಾನವಿಡೀ ಹುಡುಕ್ತಾ ಇರ್ತೀಯ.”

ಅಷ್ಟರಲ್ಲಿ ಹೊರಗೆ ಸ್ಕೂಟರು ನಿಂತಿತು. ಸರ್ವೇಯರ್ ಹೊಸೂರಿನವರು, ನಾಗರಾಜುಗೆ ಪರಿಚಯದವರೇ. ನನ್ನ ಬಾಯಲ್ಲಿ ಕನ್ನಡ ಕೇಳಿ ಕನ್ನಡದಲ್ಲೇ ಮಾತಾಡಿದರು. “ಏನು ಸಾರ್, ನೀವೇ ಇಂಗೆ ಮಾಡ್ಕೊಂಡ್ರೆ ಎಂಗೆ?” ಎಂದು ನಗುತ್ತ ಕ್ಯಾಮರಾ ತೆಗೆದರು. ನಾಗರಾಜು ಎದ್ದು ನಿಂತ. ಮೊಣಕಾಲಿಗೆ ಗ್ರೀಸು ಮೆತ್ತಿತ್ತು. ನಾನು ಚೂರುಗಳನ್ನು ಮುಚ್ಚಿದ ಕೈ ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದೆ. ಅವನು ಏನು ಹೇಳುತ್ತಾನೋ ನನಗೆ ಗೊತ್ತಿರಲಿಲ್ಲ. ಓಡಿಸಿದ್ದು ತಾನೇ ಎಂದು ಅವನು ಹೇಳಿದರೆ ನಾನೂ ಹೌದು ಎನ್ನಬೇಕು.

“ಸಾರಿ ಸಾರ್” ಎಂದ ನಾಗರಾಜು. “ಸುಮ್ಮನೆ ಬರಿಸಿದೆ ನಿಮ್ಮನ್ನ. ಕ್ಲೇಮ್ ಬೇಡ ಅಂತ ಮಾಡಿದೀನಿ. ಕೈಯಿಂದಲೇ ಹಾಕ್ಕೋತೀನಿ.”

ಅವರು ಕ್ಯಾಮರಾ ಇಳಿಸಿದರು. ಹಿಂದಕ್ಕೆ ತಳ್ಳಿದ ಸೀಟು, ಎತ್ತಿದ ರಬ್ಬರು ಹಾಸು, ಇವನ ಗ್ರೀಸಿನ ಮೊಣಕಾಲು, ಎಲ್ಲವನ್ನೂ ನೋಡಿದರು. ನನ್ನ ಮುಚ್ಚಿದ ಕೈಯನ್ನೂ ನೋಡಿದರೋ ಏನೋ. “ಒಳ್ಳೇದು ಸಾರ್” ಎಂದರು. “ಇಷ್ಟಕ್ಕೆಲ್ಲ ರಿಯಾಯಿತಿ ಯಾಕೆ ಕಳ್ಕೋಬೇಕು?” ಮಣಿ ತರಿಸಿದ ಟೀ ಕುಡಿದು ಸ್ಕೂಟರು ಹತ್ತಿದರು. ನಾಗರಾಜು ಜೇಬಿನ ಕಾಗದವನ್ನು ಹರಿದು ಹರಿದು ಬೇವಿನ ಬುಡ ತುಂಬಿಸಿದ.

ಇನ್ನು ಮಣಿಯ ಜೊತೆ ಚೌಕಾಸಿ. ನಾಗರಾಜು ಬಾಯಿ ತೆರೆಯುವ ಮೊದಲೇ ನಾನು ಕೇಳಿದೆ: ಈ ಕಾರು ರಸ್ತೆಯಲ್ಲಿ ಓಡುವುದಕ್ಕೆ ಏನೇನು ಬೇಕೇ ಬೇಕು? ರೇಡಿಯೇಟರ್, ಒಂದು ಲೈಟು. ಮಿಕ್ಕದ್ದು? ಮಿಕ್ಕದ್ದು ಅಂದಕ್ಕೆ. “ಅಂದ ಆಮೇಲೆ ಮಾಡಿಸ್ಕೊಳ್ಳಿ” ಎಂದೆ. ಪುದುಪೇಟೆಯ ಹಳೇ ಸಾಮಾನಿನ ಅಂಗಡಿಗಳಿಂದ ಎರಡನ್ನೂ ತಂದು ಹಾಕಲು ಒಪ್ಪಿಸಿದೆವು. ಸೆಲ್ವಂನ ಆಟೋಗೂ ಕೈಗೂ ಕೊಡುವುದು ಮಾತ್ರ ಪೂರ್ತಿ, ಅದರಲ್ಲಿ ಚೌಕಾಸಿ ಇಲ್ಲ. ಎಲ್ಲ ಸೇರಿ ನಾಗರಾಜು ಆಫೀಸಿನಲ್ಲಿ ಮುಂಗಡ ತೆಗೆದು ತೂಗಿಸುವಷ್ಟು ಆಯಿತು. ಮಣಿ ಬಾನೆಟ್ಟನ್ನು ಸುತ್ತಿಗೆಯಲ್ಲಿ ನಾಲ್ಕು ಬಡಿದು ಮುಚ್ಚುವ ಹಾಗೆ ಮಾಡಿದ. ಜೋತುಬಿದ್ದ ಬಂಪರಿಗೆ ತಂತಿ ಹುಡುಕುತ್ತಿದ್ದ. ನಾನು ಡಿಕ್ಕಿಯಲ್ಲಿದ್ದ ತೆಂಗಿನಕಾಯಿ ಚೀಲದ ಬಾಯಿಗೆ ಕಟ್ಟಿದ್ದ ತೆಂಗಿನ ನಾರಿನ ಹಗ್ಗ ಬಿಚ್ಚಿ, ನಾನೇ ಬಗ್ಗಿ ಬಂಪರನ್ನು ಕಟ್ಟಿದೆ. ಕಣ್ಣು ಕಾಣುತ್ತಿರಲಿಲ್ಲ, ಕೈಯಂದಾಜಿನಲ್ಲಿ ಗಂಟು ಹಾಕಿದೆ. ಆಮೇಲೆ ಸುಲಿದ ಕಾಯಿ ಎರಡು ಮಣಿಗೆ ಕೊಟ್ಟೆ. ಬಳೆಚೂರುಗಳನ್ನು ಮನೆಗೆ ತಂದು ಮಗಳ ತುಳಸಿ ಕುಂಡಕ್ಕೆ ಹಾಕಿದೆ.

ಗುರುವಾರ ಆಸ್ಪತ್ರೆಗೆ ಬಸ್ಸಿನಲ್ಲಿ ಹೋದೆವು. ಚೀಲದ ಹೊಲಿಗೆಯನ್ನು ಕೌಂಟರಿನ ಎದುರಿಗೇ ಹಲ್ಲಿನಿಂದ ಕಚ್ಚಿ ಬಿಚ್ಚಿದೆ. ಆಪರೇಷನ್ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಹೆದರಿಕೆಯಾಯಿತು. ಇದ್ದ ಒಂದನ್ನೂ ಕಳೆದುಕೊಂಡು ಬರುತ್ತೇನೋ ಎಂದು ಮೇಜಿನ ಮೇಲೆ ಮಲಗಿ ಮನೆದೇವರಿಗೆ ಹೇಳಿಕೊಂಡೆ. ಮಾರನೆಯ ದಿನ ಪಟ್ಟಿ ಬಿಚ್ಚಿದಾಗ ಮೊದಲು ಕಂಡದ್ದು ನರ್ಸಮ್ಮನ ಮೂಗುಬೊಟ್ಟು. ಆಮೇಲೆ ಅವಳ ಹಿಂದೆ ವಸಂತ. ಎರಡು ವರ್ಷದಲ್ಲಿ ಅವಳ ತಲೆಯಲ್ಲಿ ಇಷ್ಟು ನರೆ ಬಂದದ್ದು ನನಗೆ ಗೊತ್ತೇ ಇರಲಿಲ್ಲ.

“ಕಾಣುತ್ತಾ ಅಮ್ಮ?”

“ಕಾಣುತ್ತೆ. ಬಳೆ ಬಿಗಿಯಾಗಿವೆ, ಅಳತೆ ಸರಿಯಾಗಿ ನೋಡಿರಲಿಲ್ಲ ನಾನು.”

ಹತ್ತು ದಿನ ತಲೆ ಬಗ್ಗಿಸಬಾರದು, ನೀರು ತಾಗಿಸಬಾರದು ಎಂದು ಕಪ್ಪು ಕನ್ನಡಕ ಹಾಕಿ ಕೂರಿಸಿದರು. ಅದೇ ಶುಕ್ರವಾರ ಸಂಜೆ ಮನೆಗೆ ಸೆಲ್ವಂ ಬಂದು ಮಿಕ್ಕ ದುಡ್ಡು ಇಸಕೊಂಡ. ಕೈಯ ಬಟ್ಟೆ ಬಿಚ್ಚಿದ್ದ. ನನ್ನ ಕನ್ನಡಕ ನೋಡಿ ಏನೋ ಹೇಳಿ ನಕ್ಕ. ಸಿನಿಮಾ ಹೀರೋಯಿನ್ ಥರ ಇದ್ದೀರಂತೆ ಎಂದು ರಮ್ಯ ಕನ್ನಡದಲ್ಲೇ ಹೇಳಿದಳು. ಅವಳ ಬಾಯಲ್ಲಿ ನಾನು ಕೇಳಿದ ಮೊದಲ ಪೂರ್ತಿ ಕನ್ನಡ ವಾಕ್ಯ ಅದು.

ಹೊರಡುವ ದಿನ ನಾಗರಾಜು ಕಾರಿನ ಕೀಲಿಕೈಯನ್ನು ವಸಂತನ ಕೈಗೆ ಕೊಟ್ಟ. ಅವಳು ಬೇಡ ಎಂದಳು. “ಹೆದರಿಕೆ ಉಳಿದ್ರೆ ಇನ್ನು ಯಾವತ್ತೂ ಮುಟ್ಟಲ್ಲ ನೀನು” ಎಂದು ತಾನು ಪಕ್ಕದಲ್ಲಿ ಕೂತ. ಎಲ್ ಬೋರ್ಡು ಮತ್ತೆ ಬಂದಿತ್ತು. ನಾನು ಹಿಂದೆ ಕೂತು ದಾರಿಯುದ್ದಕ್ಕೂ ಮುಂದಿನ ಸೀಟಿನ ಬೆನ್ನು ಹಿಡಿದುಕೊಂಡಿದ್ದೆ. ಓಟೇರಿಯ ಆ ಬೀದಿಯಲ್ಲಿ ಕೊಡಗಳು ಮತ್ತೆ ಸಾಲಾಗಿ ಕೂತಿದ್ದವು. ಕೆಂಪು, ಹಸಿರು, ನೀಲಿ, ಹಳದಿ. ಇಷ್ಟೊಂದು ಬಣ್ಣವೆಂದು ಬಂದ ದಿನ ನನಗೆ ಕಂಡಿರಲಿಲ್ಲ. ವಸಂತ ಎತ್ತಿನ ಗಾಡಿಗಿಂತ ನಿಧಾನವಾಗಿ ದಾಟಿದಳು. ಹಿಂದಿನವರು ಹಾರ್ನು ಹೊಡೆದು ಬೈದರು. ಬೈಯಲಿ.

ಸೆಂಟ್ರಲ್ ಎದುರು ಕಾರು ನಿಲ್ಲಿಸಿದರು. ವಸಂತ ಇಳಿಯದೆ ಸ್ಟಿಯರಿಂಗ್ ಹಿಡಿದೇ ಕೂತಿದ್ದಳು. ನಾಗರಾಜು ನನ್ನ ಚೀಲ ಎತ್ತಿಕೊಂಡು ಮುಂದೆ ನಡೆದ. ನಾನು ಸ್ಟೇಷನ್ನಿನ ಮೆಟ್ಟಿಲು ಹತ್ತಿ, ಜನರ ನಡುವೆ ಒಂದು ಸಲ ತಿರುಗಿ ನೋಡಿದೆ. ಆಟೋ, ಬಸ್ಸು, ಕೂಲಿಗಳು, ಅವುಗಳ ಆಚೆ ಮೂತಿ ಸೊಟ್ಟಗಾದ ಬಿಳಿ ಕಾರು. ಬಾನೆಟ್ಟು ಒಂದು ಕಡೆ ಹುಬ್ಬು ಏರಿಸಿದ ಹಾಗೆ ಎದ್ದಿತ್ತು. ಅಷ್ಟು ದೂರದಿಂದ ಬಂಪರಿನ ನಾರಿನ ಹಗ್ಗ ಕಾಣಿಸಿತು, ಹಗ್ಗದಲ್ಲಿ ನಾನು ಹಾಕಿದ ಗಂಟೂ ಕಾಣಿಸಿತು. ಗಂಟು ಪೂರಾ ಓರೆಯಾಗಿ ಬಿದ್ದಿತ್ತು.